ಗಾಳಿ ಬಿಡಿಸಿದ್ದು

ಗಾನ್ ಗಾನ್ ದಾಟಿದ ಮೇಲೆ ಮೂರನೇ ಗೇಟು.
ಹುಡುಗ ಇಳಿದು ತೆಗೆದ, ನಾನು ಲಾರಿ ದಾಟಿಸಿದೆ.
ಅವನು ಸರಪಳಿ ಸಿಕ್ಕಿಸಿ ಬರುವಷ್ಟರಲ್ಲಿ
ಡೀಸೆಲ್ ಉಳಿಯಲಿ ಎಂದು ಇಂಜಿನ್ ಆಫ್ ಮಾಡಿದೆ.
ಜಿಪುಣತನಕ್ಕೆ ತಕ್ಕ ಶಾಸ್ತಿ.

ಮತ್ತೆ ಕೀ ತಿರುಗಿಸಿದರೆ
ಎರಡು ಸಲ ಬಿಕ್ಕಿತು, ಬಿಳಿ ಹೊಗೆ ಉಗುಳಿತು, ಸುಮ್ಮನಾಯಿತು.
ಹಿಂದೆ ಮೂವತ್ತೊಂದು ಪಿಂಡಿ ಕುರಿಯುಣ್ಣೆ.
ಮುಂದೆ, ನೆರಳಿಗೊಂದು ಮರವಿಲ್ಲದ ಪತಗೋನಿಯಾ.
ಪಡುವಣ ಗಾಳಿ ಬಾಗಿಲು ತೆಗೆಯಲೂ ಬಿಡುತ್ತಿರಲಿಲ್ಲ.

"ಡೀಸೆಲ್ ಇದೆಯಲ್ಲ ದೊಡ್ಡಮ್ಮ?"
ಇದೆ, ಮುಳ್ಳು ಅರ್ಧಕ್ಕಿದೆ.
ಆದರೆ ಇದಕ್ಕೆ ಗಾಳಿ ಮೆಟ್ಟಿದೆ.
ಎಲೂತೆರಿಯೊ ನಕ್ಕ. ಹದಿನಾಲ್ಕು ವರ್ಷ,
ದೆವ್ವ ಅಂದರೂ ನಗುತ್ತಾನೆ, ಪಂಪು ಅಂದರೂ ನಗುತ್ತಾನೆ.

ಬಾನೆಟ್ಟು ಎತ್ತಿದೆ.
ಎಪ್ಪತ್ತನಾಲ್ಕರ ಮರ್ಸಿಡಿಸ್, ನನಗಿಂತ ಎರಡು ವರ್ಷ ದೊಡ್ಡದು;
ಮೈಯೆಲ್ಲ ಜಿಡ್ಡು, ಜಿಡ್ಡಿನ ಮೇಲೆ ಧೂಳು, ಧೂಳಿನ ಮೇಲೆ ಜಿಡ್ಡು.
ಎಲ್ಲವೂ ಒದ್ದೆ ಇರುವಲ್ಲಿ ಅಳುತ್ತಿರುವುದು ಯಾರು?
ಒರೆಸಿದೆ. ಸೊಂಟ ನೋಯುವವರೆಗೆ ಒರೆಸಿದೆ.
ಆಮೇಲೆ ರೊಟ್ಟಿ ಹಿಟ್ಟಿನ ಚೀಲದಿಂದ ಒಂದು ಹಿಡಿ ತಂದು
ಒಂದೊಂದು ಕೀಲಿಗೂ ಹಚ್ಚಿದೆ,
ಮಿಂದ ಮಗುವಿನ ಕಂಕುಳಿಗೆ ಪೌಡರ್ ಹಚ್ಚಿದ ಹಾಗೆ.

"ಹೊಡಿ ಪಂಪು" ಅಂದೆ.
ಅವನು ಕೈಪಂಪು ಒತ್ತಿದ, ಒತ್ತಿದ.
ಮೊದಲ ಕೀಲು ಬೆಳ್ಳಗೆ. ಎರಡನೆಯದೂ ಬೆಳ್ಳಗೆ.
ಫಿಲ್ಟರಿನ ತಲೆಯ ಬೋಲ್ಟಿನ ಕೆಳಗೆ
ಹಿಟ್ಟು ಕಪ್ಪಾಯಿತು, ಕೂದಲೆಳೆಯಷ್ಟು ಗೆರೆ,
ಆಮೇಲೆ ಒಂದು ಹನಿ, ಅವಸರವಿಲ್ಲದೆ.

ಓಡುವಾಗ ಎಣ್ಣೆ ಹೊರಗೆ,
ನಿಂತಾಗ ಗಾಳಿ ಒಳಗೆ.
ಕಿಂಡಿ ಒಂದೇ, ಎರಡೂ ಕಡೆಯ ಕಳ್ಳರಿಗೆ.

ಉಗುರಿನಿಂದ ಕೆರೆದರೆ ಬೋಲ್ಟಿನ ಹಿಂಬದಿಗೆ
ಮೆತ್ತಿದ್ದ ಒಂದು ಹೆಂಟೆ ಇಡಿಯಾಗಿ ಕಳಚಿ ಬಂತು.
ಮೂಸಿದೆ. ಬಟ್ಟೆ ಸೋಪು.
ಅದರ ಮೇಲೆ ಹೆಬ್ಬೆರಳಿನ ಗುರುತು:
ಅಗಲವಾದದ್ದು, ನಡುವೆ ಹಳೇ ಗಾಯದ ಗೆರೆ.
ತ್ರೆಲೆವ್ ಹರಾಜಿನ ಕಾಗದದಲ್ಲಿ ಬ್ಯಾಂಕಿನ ಹೆಸರಷ್ಟೇ ಇತ್ತು,
ಓಡಿಸಿದವನದು ಇರಲಿಲ್ಲ.
ಇಲ್ಲಿ ಸಹಿ ಹಾಕಿದ್ದಾನೆ.
ಯಾವ ಗೇಟಿನ ಬಳಿಯೋ, ಯಾವ ರಾತ್ರಿಯೋ,
ಊರು ಮುಟ್ಟಿದ ಮೇಲೆ ಸರಿಯಾಗಿ ಮಾಡಿಸಿದರಾಯಿತು ಎಂದುಕೊಂಡು
ಒತ್ತಿ ಹಿಡಿದಿದ್ದಾನೆ, ಗಟ್ಟಿಯಾಗುವವರೆಗೆ.
ಊರು ಮುಟ್ಟಿರಬೇಕು. ಮರೆತಿರಬೇಕು.
ನಾನೂ ಹಾಗೆ ಮರೆತ ಕೆಲಸಗಳಿವೆ.

ವಾಷರು ತಾಮ್ರದ್ದು, ಚಪ್ಪಟೆಯಾಗಿ ಕಲ್ಲಾಗಿತ್ತು.
ಹೊಸದಿಲ್ಲ. ಹೊಸದಿರುವ ಅಂಗಡಿ ಒಂದು ಹಗಲು ಆಚೆ.
ಲಾರಿಯಿಂದ ದೂರ, ಬಂಡೆಯ ಮರೆಯಲ್ಲಿ,
ಮಾಟೆಗೆ ನೀರು ಕಾಯಿಸುವ ಗ್ಯಾಸ್ ಒಲೆಯ ಮೇಲೆ
ತಂತಿಗೆ ಪೋಣಿಸಿ ಹಿಡಿದೆ.
ಕೆಂಪಗೆ, ಇನ್ನೂ ಕೆಂಪಗೆ. ಆಮೇಲೆ ನೀರಿನ ಲೋಟಕ್ಕೆ: ಚುಸ್.
"ಕಬ್ಬಿಣ ಹೀಗೆ ಮಾಡಿದರೆ ಗಟ್ಟಿಯಾಗುತ್ತಂತೆ."
ತಾಮ್ರ ಮೆತ್ತಗಾಗುತ್ತೆ.
"ಯಾಕೆ?"
ಅದರ ಸ್ವಭಾವ, ಅಂದೆ. ಬೇರೆ ಉತ್ತರ ನನ್ನಲ್ಲಿರಲಿಲ್ಲ.

ಬೋಲ್ಟು ಕೂರಿಸಿ, ಹದಿನೇಳರ ಸ್ಪ್ಯಾನರಿನಲ್ಲಿ ಬಿಗಿದೆ.
ಇನ್ನೊಂದು ಸುತ್ತು, ಅಂದಿತು ತೋಳು. ಸಾಕು, ಅಂದಿತು ಮಣಿಕಟ್ಟು.
ಮಣಿಕಟ್ಟಿನ ಮಾತು ಕೇಳಿದೆ.
ಫಿಲ್ಟರಿನ ಮೇಲಿನ ತಿರುಪು ಸಡಿಲಿಸಿದರೆ
ಮೊದಲು ಬುರುಗು, ಆಮೇಲೆ ದೊಡ್ಡ ಗುಳ್ಳೆ, ಸಣ್ಣ ಗುಳ್ಳೆ,
ಹುಡುಗನ ಹಣೆಯಲ್ಲಿ ಬೆವರು,
ಆಮೇಲೆ ಬರೀ ಡೀಸೆಲ್,
ಮುರಿಯದ ಒಂದು ಎಳೆ.
ಈ ಬಯಲಿಗೆ ಬೇಕಾದಷ್ಟು ಗಾಳಿ ಮೊದಲೇ ಇತ್ತು;
ಈ ಒಂದು ಗುಟುಕೂ ಹೋಗಿ ಅದಕ್ಕೆ ಸೇರಿತು.

ಸ್ಟಾರ್ಟ್ ಆಯಿತು. ಮೊದಲು ನಾಲ್ಕು ಸಿಲಿಂಡರು,
ಆಮೇಲೆ ಐದು, ಆಮೇಲೆ
ಯಾವಾಗಲೂ ತಡವಾಗಿ ಬರುವ ಆ ಆರನೆಯದು.

ಕೈ ತೊಳೆಯಬೇಕಿತ್ತು. ಸೋಪು ಮನೆಯಲ್ಲಿ.
ಆ ಹೆಂಟೆಯನ್ನೇ ತೆಗೆದುಕೊಂಡೆ.
ಗುರುತಿನ ಮೇಲೆ ನನ್ನ ಹೆಬ್ಬೆರಳಿಟ್ಟೆ: ಸುತ್ತ ಜಾಗ ಉಳಿಯಿತು.
ಎಲೂತೆರಿಯೊ ಲೋಟದ ನೀರು ಹುಯ್ದ.
ಇಷ್ಟು ವರ್ಷವಾದರೂ ನೊರೆ ಬಂತು, ಬೂದಿ ಬಣ್ಣದ್ದು.
ಮೊದಲು ಗಾಯದ ಗೆರೆ ಕರಗಿತು.
ಉಳಿದ ಚೂರನ್ನು ಎಸೆಯಲು ಹೊರಟವನಿಗೆ
ಬೇಡ, ಡಬ್ಬಿಯಲ್ಲಿಡು, ಅಂದೆ.
ಇನ್ನೂ ನಾಲ್ಕು ಗೇಟು ಇವೆ.